ಕಿರ್ಕಿಯ ಕಲ್ಲುಗಳೂ ಒಬ್ಬ ಈಜುಗಾರನೂ

ಪುಣೆಯಲ್ಲಿ ಹತ್ತು ವರ್ಷ ಕಳೆದ ಯಾವ ಕನ್ನಡಿಗನನ್ನಾದರೂ ನಿಲ್ಲಿಸಿ 'ಕಿರ್ಕಿಯನ್ನು ನೋಡಿದ್ದೀರಾ?' ಎಂದು ಕೇಳಿ. 'ದಿನಾಲೂ ನೋಡುತ್ತೇವಲ್ಲ!' ಎಂದೇ ಉತ್ತರ ಬಂದೀತು. ಲೋಣಾವಳೆಯ ಕಡೆಗೆ ಹೋಗುವ ಲೋಕಲ್ ಗಾಡಿ ಶಿವಾಜಿನಗರವನ್ನು ಬಿಟ್ಟ ಮೇಲೆ ಆ ನಿಲ್ದಾಣದಲ್ಲಿ ಒಂದು ಗಳಿಗೆ ನಿಂತು ಮುಂದೆ ಹೋಗುತ್ತದೆ. ಗಾಡಿಯಲ್ಲಿದ್ದವರು ಕಿಟಕಿಯಿಂದ ಕಂಡಷ್ಟನ್ನು ಕಂಡು, ಕಿರ್ಕಿಯನ್ನು ನೋಡಿದೆವೆಂದುಕೊಳ್ಳುತ್ತಾರೆ. ನಾವೂ ಅದೇ ಪಂಗಡದವರು. ಮರಾಠಿಗರ ಬಾಯಲ್ಲಿ ಅದು ಖಡಕಿ. ಇಂಗ್ಲಿಷರ ನಾಲಗೆ ಹೊರಳಿದ ಹಾಗೆ ಕಿರ್ಕಿಯಾಯಿತು. ೧೮೧೭ರ ನವೆಂಬರ ೫ರಂದು ಪೇಶವೆಯ ಸೈನ್ಯಕ್ಕೂ ಕಂಪನಿಯ ಸೈನ್ಯಕ್ಕೂ ಕಾಳಗ ನಡೆದದ್ದು ಇಲ್ಲಿಯೇ. ಎರಡನೆಯ ಬಾಜೀರಾಯ ಪರ್ವತಿಯ ಗುಡ್ಡದ ಮೇಲೆ ನಿಂತು ಅದನ್ನು ನೋಡುತ್ತಿದ್ದನಂತೆ. ಅಂದು ಸೋತ ಊರಿಗೆ ಇಂಗ್ಲಿಷರ ದಂಡು ಬಂದು ಕೂತಿತು. ದಂಡಿನ ಹಿಂದೆ ಮದ್ದುಗುಂಡಿನ ಕಾರಖಾನೆ ಬಂತು. ಕಾರಖಾನೆಯ ಹಿಂದೆ ಕೆಲಸ ಹುಡುಕಿಕೊಂಡು ಜನ ಬಂದರು. ನಮ್ಮ ಕಡೆಯ ಎಷ್ಟೋ ಮನೆತನಗಳು ಪುಣೆಯ ದಾರಿ ಹಿಡಿದದ್ದೂ ಹೀಗೆಯೇ.

ಈ ಸಲ ಗಾಡಿಯಿಂದ ಇಳಿಯಲು ಕಾರಣವಾದವರು ಮಕ್ಕಳು. ಮುರಳೀಕಾಂತ ಪೇಟಕರ ಎಂಬವರ ಜೀವನವನ್ನು ಆಧರಿಸಿ ೨೦೨೪ರಲ್ಲಿ 'ಚಂದೂ ಚಾಂಪಿಯನ್' ಎಂಬ ಹಿಂದೀ ಚಿತ್ರ ಬಂತು. ಯುದ್ಧದಲ್ಲಿ ಗುಂಡು ತಿಂದು, ಸೊಂಟದ ಕೆಳಗಿನ ಬಲವನ್ನೆಲ್ಲ ಕಳೆದುಕೊಂಡ ಸಿಪಾಯಿಯೊಬ್ಬ ಈಜಿನಲ್ಲಿ ಜಗತ್ತಿಗೇ ಮೊದಲಿಗನಾದ ಕಥೆ. ಚಿತ್ರ ನೋಡಿ ಬಂದ ಹುಡುಗರು, 'ಇವರು ನಮ್ಮ ಪುಣೆಯವರೇ ಅಲ್ಲವೇ? ಇದರಲ್ಲಿ ನಿಜ ಎಷ್ಟು, ಸಿನೆಮಾ ಎಷ್ಟು?' ಎಂದು ಕೇಳಿದರು. ಪ್ರಶ್ನೆ ಸಣ್ಣದು. ಉತ್ತರ ಹುಡುಕಲು ಹೊರಟಾಗ ಅದು ಸಣ್ಣದಲ್ಲವೆಂದು ತಿಳಿಯಿತು.

ಹಿಂದಿನ ಕಾಲದ ಆಟಗಾರರ ಯುದ್ಧಜೀವನವನ್ನು ಹುಡುಕಿ ಬರೆಯುವ ಹವ್ಯಾಸ ಬಿಲಾತಿಯಲ್ಲಿ ಬಹಳ. ಅದರಲ್ಲೂ ವೇಲ್ಸ್ ಎಂಬ ಸೀಮೆಯಲ್ಲಿ. ಅಲ್ಲಿಯ ಜನಕ್ಕೆ ರಗ್ಬಿ ಎಂಬ ಚೆಂಡಿನಾಟ ನಮ್ಮ ಹಳ್ಳಿಗಳ ಕುಸ್ತಿಯ ಹಾಗೆ. ಗಣಿ ಕಾರ್ಮಿಕನೂ ಆಡುತ್ತಾನೆ, ವಕೀಲನೂ ಆಡುತ್ತಾನೆ. ವೇಲ್ಸಿನ ಪರವಾಗಿ ಅಂತರರಾಷ್ಟ್ರೀಯ ಪಂದ್ಯಗಳನ್ನು ಆಡಿದವರಲ್ಲಿ ಹದಿಮೂರು ಮಂದಿ ಮೊದಲನೆಯ ಮಹಾಯುದ್ಧದಲ್ಲಿ ತೀರಿಕೊಂಡರು. ಅವರಲ್ಲಿ ಹೋರೇಸ್ ವಿಂಡಮ್ ಥಾಮಸ್ ಎಂಬವನಿಗೆ ನಮ್ಮ ದೇಶದ ನಂಟುಂಟು. ೧೯೧೨-೧೩ರ ಸಾಲಿನಲ್ಲಿ ವೇಲ್ಸಿನ ಪರ ಎರಡು ಪಂದ್ಯ ಆಡಿ, ನೌಕರಿಗಾಗಿ ಕಲಕತ್ತೆಗೆ ಬಂದ; ಯುದ್ಧ ಬಂದೊಡನೆ ಹೊರಟುಹೋಗಿ ಸೈನ್ಯ ಸೇರಿದ; ೧೯೧೬ರ ಸಪ್ಟಂಬರ ೩ರಂದು ಫ್ರಾನ್ಸಿನ ಸೋಮ್ ರಣರಂಗದಲ್ಲಿ ಮಡಿದ. ಅವನ ಹೆಸರು ಥಿಯೆಪ್ವಾಲ್ ಎಂಬಲ್ಲಿಯ ಮಹಾಸ್ಮಾರಕದ ಕಲ್ಲಿನಲ್ಲಿದೆ. ನೂರು ವರ್ಷದ ಮೇಲೂ ಇಷ್ಟೆಲ್ಲ ಹೇಳಲು ಆಗುವುದು ಕಾಗದಪತ್ರಗಳು ಉಳಿದದ್ದರಿಂದ. ಹಾಗೆಂದು ಅಲ್ಲಿಯೂ ಎಲ್ಲ ಉಳಿದಿಲ್ಲ. ಆ ಯುದ್ಧದ ಸಾಮಾನ್ಯ ಸಿಪಾಯಿಗಳ ಸೇವಾಪತ್ರಗಳಲ್ಲಿ ಅರ್ಧಕ್ಕೂ ಮಿಕ್ಕು, ೧೯೪೦ರ ಸಪ್ಟಂಬರದಲ್ಲಿ ಜರ್ಮನರ ಬಾಂಬು ಲಂಡನ್ನಿನ ಉಗ್ರಾಣದ ಮೇಲೆ ಬಿದ್ದಾಗ ಸುಟ್ಟುಹೋದವು. ಅಂಥ ಸಿಪಾಯಿಗಳನ್ನು ಹುಡುಕುವವರು ಪದಕದ ಚೀಟಿ, ಪಲ್ಟಣದ ದಿನಚರಿ, ಊರಿನ ಹಳೆಯ ಪತ್ರಿಕೆ ಇವುಗಳಿಂದ ಒಂದೊಂದೇ ಎಳೆ ತೆಗೆದು ನೇಯಬೇಕು. ನಾವೂ ಅದೇ ರೀತಿಯಲ್ಲಿ ನಡೆದು ನೋಡೋಣವೆಂದು, ಮೊದಲು ಕಲ್ಲುಗಳಿರುವ ಕಡೆಗೇ ಹೋದೆವು.

ಕಿರ್ಕಿಯ ಯುದ್ಧ ಸ್ಮಶಾನವು ಮೂಲಾ ನದಿಯ ಕಡೆಗೆ, ಹೋಳ್ಕರ ಸೇತುವೆಗೆ ದೂರವಲ್ಲದ ಜಾಗದಲ್ಲಿದೆ. ಸ್ಮಶಾನವೆಂದರೆ ನಮ್ಮ ಹೆಣ್ಣುಮಕ್ಕಳು ಮೊದಲು ಹಿಂದೆಗೆದರು. ಒಳಗೆ ಹೋದ ಮೇಲೆ ಮಾತ್ರ ಬೇಗ ಹೊರಡಲು ಒಪ್ಪಲಿಲ್ಲ. ಹಸಿರು ಹುಲ್ಲು, ಒಪ್ಪವಾದ ಸಾಲುಗಳು, ಮಾತನ್ನು ತಾನಾಗಿಯೇ ಮೆಲ್ಲಗಾಗಿಸುವ ಒಂದು ನಿಶ್ಶಬ್ದ. ಪಶ್ಚಿಮ ಮತ್ತು ಮಧ್ಯ ಭಾರತದಲ್ಲಿ ಅಲ್ಲಲ್ಲಿ ಚದರಿದ್ದ ಎರಡನೆಯ ಮಹಾಯುದ್ಧದ ಗೋರಿಗಳನ್ನು ಅಲ್ಲಲ್ಲಿಯೇ ಕಾಯ್ದುಕೊಂಡು ಹೋಗುವುದು ಸಾಧ್ಯವಿಲ್ಲವೆಂದು, ಅವುಗಳನ್ನು ಒಂದೆಡೆಗೆ ತರಲು ಮಾಡಿದ ಜಾಗ ಇದು. ಆ ಯುದ್ಧದ ೧,೬೬೮ ಮಂದಿ ಇಲ್ಲಿದ್ದಾರೆ. ಮೊದಲನೆಯ ಯುದ್ಧದ ಕಾಲದಲ್ಲಿ ಇಂಡಿಯಾದಲ್ಲಿ ಸತ್ತು, ಇಂದು ಭಾರತ ಪಾಕಿಸ್ತಾನಗಳೆಂದು ಬೇರೆಯಾಗಿರುವ ನೆಲಗಳ ಎಲ್ಲೆಲ್ಲಿಯೋ ಹೂಳಲ್ಪಟ್ಟ ೧,೮೦೦ಕ್ಕೂ ಹೆಚ್ಚು ಜನರ ಹೆಸರುಗಳನ್ನೂ ಇಲ್ಲಿಯ ಸ್ಮಾರಕದಲ್ಲಿ ಬರೆದಿದ್ದಾರೆ. ಅಂದರೆ ಹೆಸರು ಇಲ್ಲಿ, ಮೈ ಬೇರೆಲ್ಲಿಯೋ. ೧೯೬೨ರ ಮಾರ್ಚಿಯಲ್ಲಿ ಮುಂಬಯಿಯ ಶಿವಡಿ ಸ್ಮಶಾನದಿಂದ ೬೨೯ ಮಂದಿಯ ಅವಶೇಷಗಳನ್ನು ತಂದು ಇಲ್ಲಿ ಮತ್ತೆ ಮಣ್ಣು ಮಾಡಿದರು. ಸತ್ತು ನಲವತ್ತು ವರ್ಷ ದಾಟಿದವರಿಗೂ ವಿಳಾಸ ಬದಲಾವಣೆ!

ಈ ಏರ್ಪಾಡನ್ನು ನೋಡಿಕೊಳ್ಳುವ ಆಯೋಗ ೧೯೧೭ರಲ್ಲಿ ಹುಟ್ಟಿತು. ಕರ್ನಲನಿಗೂ ಸಿಪಾಯಿಗೂ ಒಂದೇ ಅಳತೆಯ ಕಲ್ಲು; ಹೆಸರು, ದರ್ಜೆ, ಪಲ್ಟಣದ ಮುದ್ರೆ, ಸತ್ತ ದಿನ. ಗೋರಿಯ ಸಾಲು ಮತ್ತು ಸಂಖ್ಯೆ ತಿಳಿದರೆ ಯಾವ ದೇಶದಿಂದ ಬಂದ ಮೊಮ್ಮಗನೂ ಐದು ನಿಮಿಷದಲ್ಲಿ ತನ್ನ ಅಜ್ಜನ ಮುಂದೆ ನಿಲ್ಲಬಲ್ಲ. ಆಳಿದವರ ದಂಡಿನ ವಿಷಯದಲ್ಲಿ ನಮಗೆ ಪ್ರೀತಿ ಉಕ್ಕಬೇಕಾಗಿಲ್ಲ. ಆದರೂ ಲೆಕ್ಕ ಇಟ್ಟ ರೀತಿಯನ್ನು ಮೆಚ್ಚದಿರಲು ಆಗಲಿಲ್ಲ. ನಮ್ಮ ಜೊತೆಗಿದ್ದ ಹಿರಿಯರೊಬ್ಬರು ಸಾಲುಗಳನ್ನೆಲ್ಲ ಸುತ್ತಿ ಬಂದು ಒಂದು ಮಾತು ಕೇಳಿದರು: 'ಸತ್ತವನಿಗೆ ಇಷ್ಟು ಲೆಕ್ಕ ಉಂಟು, ಸಾಯದೆ ಹಿಂದಕ್ಕೆ ಬಂದನಲ್ಲ, ಅವನ ಲೆಕ್ಕ ಯಾವ ಕಲ್ಲಿನ ಮೇಲಿದೆ?' ಪೇಟಕರರ ಕಥೆಯ ತೊಡಕು ಇಲ್ಲಿಯೇ ಇರುವುದು. ಅವರು ಹಿಂದಕ್ಕೆ ಬಂದವರು.

ಅವರು ಹುಟ್ಟಿದ್ದು ೧೯೪೪ರ ನವೆಂಬರ ೧ರಂದು, ಸಾಂಗಲಿ ಜಿಲ್ಲೆಯ ಪೇಠದಲ್ಲಿ. ಸಾಂಗಲಿಯೆಂದರೆ ನಮಗೆ ದೂರದ ಊರಲ್ಲ. ಅದೇ ಜಿಲ್ಲೆಯ ಜತ್ತದ ಹಳ್ಳಿಗಳಲ್ಲಿ ಈಗಲೂ ಕನ್ನಡ ಮನೆಮಾತು. ಕೆಂಪುಮಣ್ಣಿನ ಅಖಾಡ, ಊರಹಬ್ಬದ ಕುಸ್ತಿ, ಗೆದ್ದವನಿಗೆ ರುಮಾಲು, ಇವು ಗಡಿಯ ಈಚೆಗೂ ಆಚೆಗೂ ಒಂದೇ. ನೆರೆಯ ಸಾತಾರೆ ಜಿಲ್ಲೆಯ ಖಾಶಾಬಾ ಜಾಧವ ೧೯೫೨ರಲ್ಲಿ ಹೆಲ್ಸಿಂಕಿಯ ಒಲಿಂಪಿಕ್ಕಿನಿಂದ ಕುಸ್ತಿಯ ಕಂಚನ್ನು ತಂದಾಗ ಈ ಹುಡುಗನಿಗೆ ಏಳೆಂಟು ವರ್ಷ. ಮುಂದೆ ಈತ ಎಳೆಯ ವಯಸ್ಸಿನಲ್ಲಿಯೇ ಸೈನ್ಯ ಸೇರಿ, ಈ.ಎಂ.ಈ. ಎಂದು ಕರೆಯುವ ದಳದಲ್ಲಿ ಕ್ರಾಫ್ಟ್ಸ್‌ಮನ್ ಆದ. ೧೯೪೩ರಲ್ಲಿ ಸ್ಥಾಪನೆಯಾದ ಈ ದಳದ ಕೆಲಸ ಟ್ಯಾಂಕು, ತೋಪು, ಲಾರಿಗಳನ್ನು ದುರಸ್ತಿ ಮಾಡುವುದು, ಕೆಟ್ಟುನಿಂತವನ್ನು ರಣರಂಗದಿಂದ ಎಳೆದು ತರುವುದು. ಮುಂದಾಳುಗಳ ಚಿತ್ರದಲ್ಲಿ ಇವರು ಕಾಣುವುದಿಲ್ಲ. ಆದರೆ ಇವರಿಲ್ಲದೆ ಎರಡನೆಯ ದಿನ ಟ್ಯಾಂಕು ಕದಲುವುದಿಲ್ಲ. ಅಲ್ಲಿ ಈತನ ಆಟ ಕುಸ್ತಿಯಲ್ಲ, ಮುಷ್ಟಿಯುದ್ಧ.

೧೯೬೫ರ ಸಪ್ಟಂಬರದ ಯುದ್ಧವನ್ನು ನಮ್ಮಲ್ಲಿ ಹಿರಿಯರು ಇನ್ನೂ ನೆನೆಯುತ್ತಾರೆ: ರಾತ್ರಿ ದೀಪ ಆರಿಸುವ ಆಜ್ಞೆ, ಶಾಸ್ತ್ರಿಯವರ ಸೋಮವಾರದ ಉಪವಾಸದ ಕರೆ. ಸಿಯಾಲಕೋಟಿನ ಕಡೆ ಫಿಲ್ಲೋರಾ, ಚಾವಿಂಡಾಗಳ ಸುತ್ತ ಟ್ಯಾಂಕುಗಳ ಘೋರ ಕಾಳಗ ನಡೆಯಿತು. 'ಪೂನಾ ಹಾರ್ಸ್' ಎಂಬ ನಮ್ಮ ಊರಿನ ಹೆಸರು ಹೊತ್ತ ದಳದ ಮುಖಂಡ, ಪುಣೆಯ ಶಾಲೆಯಲ್ಲಿಯೇ ಓದಿದ ಲೆಫ್ಟಿನೆಂಟ್ ಕರ್ನಲ್ ತಾರಾಪೋರ್ ಸಪ್ಟಂಬರ ೧೬ರಂದು ಅಲ್ಲಿ ಪ್ರಾಣ ಕೊಟ್ಟು ಪರಮವೀರಚಕ್ರ ಪಡೆದರು. ಅದೇ ಯುದ್ಧದಲ್ಲಿ ಪೇಟಕರರ ತುಕಡಿಯ ಮೇಲೆ ವಿಮಾನದಾಳಿಯಾಯಿತು. ಸೀಟಿಯ ಸದ್ದು ಕೇಳಿ, ಚಹದ ಕರೆ ಎಂದು ತಿಳಿದು ಹೊರಗೆ ಬಂದವರ ಮೇಲೆ ಗುಂಡಿನ ಮಳೆ ಸುರಿಯಿತೆಂದು ಅವರು ಹೇಳಿಕೊಂಡಿದ್ದಾರೆ. ಬೆನ್ನುಹುರಿಗೆ ಏಟು ಬಿದ್ದು ಕೆಳಮೈ ಜಡವಾಯಿತು. ಇಷ್ಟು ಎಲ್ಲ ಬರಹಗಳಲ್ಲಿಯೂ ಒಂದೇ. ಅದರಾಚೆ ಮಾತ್ರ ಒಂದು ಪತ್ರಿಕೆ ಏಳು ಗುಂಡು ಎಂದರೆ ಇನ್ನೊಂದು ಒಂಬತ್ತು ಎನ್ನುತ್ತದೆ. ಒಂದು ಕಾಶ್ಮೀರ ಎನ್ನುತ್ತದೆ, ಇನ್ನೊಂದು ಸಿಯಾಲಕೋಟ್. ಹುಡುಗರು ಇದನ್ನು ಕಂಡು, 'ಹಾಗಾದರೆ ಸುಳ್ಳೇ?' ಎಂದರು.

ಸುಳ್ಳಲ್ಲ. ಪ್ರಜ್ಞೆ ತಪ್ಪಿ ಬಿದ್ದವನು ಗುಂಡುಗಳನ್ನು ಎಣಿಸುತ್ತ ಕೂಡುವನೇ? ಎಣಿಸಬೇಕಾದವರು ಬೇರೆಯವರು: ಮೊದಲ ಪಟ್ಟಿ ಕಟ್ಟಿದ ಆಸ್ಪತ್ರೆಯ ಪುಸ್ತಕ, ಪಲ್ಟಣದ ಯುದ್ಧ ದಿನಚರಿ, ಸಿಕಂದರಾಬಾದಿನಲ್ಲಿರುವ ಆ ದಳದ ದಾಖಲೆ ಕಚೇರಿ. ಸೈನಿಕನ ಸೇವಾಪತ್ರವನ್ನು ಅವನಾಗಲಿ ಅವನ ಮನೆಯವರಾಗಲಿ ಕೇಳಬಹುದು. ನಮ್ಮಂಥ ದಾರಿಹೋಕರಿಗೆ ಕೊಡುವುದಿಲ್ಲ, ಕೊಡಬಾರದು ಕೂಡ. ಯುದ್ಧ ದಿನಚರಿಗಳೋ ಬಹುಕಾಲ ಬೀಗದೊಳಗಿದ್ದವು. ಸಾಮಾನ್ಯವಾಗಿ ಇಪ್ಪತ್ತೈದು ವರ್ಷಗಳಲ್ಲಿ ಅವನ್ನು ಬಿಡುಗಡೆ ಮಾಡಬೇಕೆಂಬ ನೀತಿಯನ್ನು ರಕ್ಷಣಾ ಇಲಾಖೆ ಒಪ್ಪಿಕೊಂಡದ್ದು ೨೦೨೧ರಲ್ಲಿ. ಪದಕದಿಂದ ತಿಳಿದೀತೆಂದರೆ, ಪೇಟಕರರಿಗೆ ಬಂದ ರಕ್ಷಾ ಪದಕವು ೧೯೬೫ರಲ್ಲಿ ಸೇವೆಯಲ್ಲಿದ್ದ ಸಾವಿರಾರು ಮಂದಿಗೆ ದೊರೆತದ್ದು. ಗಾಯದ ವಿವರ ಅದರ ಮೇಲಿಲ್ಲ. ಒಬ್ಬ ಮನುಷ್ಯನ ಬೆನ್ನಿಗೆ ಏನಾಯಿತೆಂಬ ಮಾತಿಗೆ ಕೊನೆಗೆ ಉಳಿಯುವ ಸಾಕ್ಷಿ ಆ ಬೆನ್ನೇ. ಒಂದು ಗುಂಡು ಇನ್ನೂ ತನ್ನ ಬೆನ್ನುಮೂಳೆಯಲ್ಲಿಯೇ ಇದೆಯೆಂದು ಅವರು ಹೇಳಿದ್ದಾರೆ.

ಅವರನ್ನು ಮುಂಬಯಿಯ ನೌಕಾದಳದ 'ಅಶ್ವಿನೀ' ಆಸ್ಪತ್ರೆಯಲ್ಲಿರಿಸಿದರು. ಬೆನ್ನುಹುರಿ ಮುರಿದವನ ಪಾಡು ಎಂಥದೆಂದು ಇಲ್ಲಿ ಸ್ವಲ್ಪ ಹೇಳಬೇಕು. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಅಂಥವರು ಹೆಚ್ಚು ದಿನ ಬದುಕುತ್ತಿರಲಿಲ್ಲ. ಕೊಲ್ಲುತ್ತಿದ್ದುದು ಗುಂಡಲ್ಲ, ಒಂದೇ ಮಗ್ಗುಲಲ್ಲಿ ಮಲಗಿ ಮಲಗಿ ಆಗುವ ಹುಣ್ಣು, ಮೂತ್ರಕೋಶಕ್ಕೆ ತಗಲುವ ನಂಜು. ಹಿಟ್ಲರನ ಕಾಟಕ್ಕೆ ಜರ್ಮನಿಯಿಂದ ಓಡಿಬಂದ ಲುಡ್ವಿಗ್ ಗುಟ್‌ಮನ್ ಎಂಬ ಯೆಹೂದಿ ವೈದ್ಯ ೧೯೪೪ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್‌ನಲ್ಲಿ ಇಂಥ ಗಾಯಾಳುಗಳ ವಿಭಾಗವನ್ನು ತೆರೆದ. ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸಿರಿ, ಹಗಲಲ್ಲಿ ಹಾಸಿಗೆಯಿಂದ ಎಬ್ಬಿಸಿರಿ, ಆಟ ಆಡಿಸಿರಿ, ಇದು ಅವನ ಮದ್ದು. ೧೯೪೮ರ ಜುಲೈ ೨೯ರಂದು, ಲಂಡನ್ ಒಲಿಂಪಿಕ್ಸ್ ಆರಂಭವಾದ ದಿನವೇ, ಗಾಲಿಕುರ್ಚಿಯ ಹದಿನಾರು ಮಂದಿ ಮಾಜಿ ಸೈನಿಕರಿಂದ ಬಿಲ್ಲುಗಾರಿಕೆಯ ಪಂದ್ಯ ಆಡಿಸಿದ. ಇಂದಿನ ಪ್ಯಾರಾಲಿಂಪಿಕ್ಕಿನ ಬೀಜ ಅದೇ. ನೀರಿನಲ್ಲಿ ಇನ್ನೊಂದು ಗುಣವುಂಟು: ನೆಲದ ಮೇಲೆ ಹೊರೆಯಾದ ಕಾಲು ನೀರಿನಲ್ಲಿ ಹಗುರವಾಗಿ ತೇಲುತ್ತದೆ, ತೋಳೊಂದೇ ಇಡೀ ಮೈಯನ್ನು ಒಯ್ಯಬಲ್ಲದು. ಪೇಟಕರರಿಗೂ ಈಜು ಬಂದದ್ದು ಆಟವಾಗಿ ಅಲ್ಲ, ಚಿಕಿತ್ಸೆಯಾಗಿ. ಮುಷ್ಟಿಯುದ್ಧದಿಂದ ಬಲಿತ ತೋಳು ಅಲ್ಲಿ ಉಪಯೋಗಕ್ಕೆ ಬಂತು.

ಸ್ಮಶಾನದಿಂದ ಹೊರಟು ನಾವು ಕಿರ್ಕಿಯಲ್ಲಿಯೇ ಇರುವ ಇನ್ನೊಂದು ತಾಣದ ಕಡೆಗೆ ನಡೆದೆವು. ಅದನ್ನು ನೋಡದೆ ಪುಣೆಯನ್ನು ಬಲ್ಲೆನೆನ್ನುವುದು ಕಷ್ಟ. ಸುಖದ ನಿವೃತ್ತರ ಊರೆಂದು, ಪಂಡಿತರ ಊರೆಂದು ಪುಣೆಯನ್ನು ಹೊಗಳುತ್ತಾರೆ. ಇದು ಗಾಯಗೊಂಡ ಸೈನಿಕರ ಊರೂ ಹೌದು. ಮೊದಲನೆಯ ಯುದ್ಧದಲ್ಲಿ ಅಂಗಹೀನರಾದ ಸಿಪಾಯಿಗಳಿಗೆ ಕಸಬು ಕಲಿಸಲು ೧೯೧೭ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಕ್ವೀನ್ ಮೇರಿ ಸಂಸ್ಥೆ ಅನಂತರ ಕಿರ್ಕಿಗೆ ಬಂದು ನೆಲಸಿತು. ೧೯೪೪ರಲ್ಲಿ ವಾನವಡಿಯ ಕಡೆ ಕೃತಕ ಕೈಕಾಲುಗಳ ಕೇಂದ್ರ ಆರಂಭವಾಯಿತು. ಯುದ್ಧದಲ್ಲಿ, ಸ್ಫೋಟದಲ್ಲಿ ಕಾಲು ಕಳೆದುಕೊಂಡ ಸೈನಿಕರು ದೇಶದ ಮೂಲೆಮೂಲೆಯಿಂದ ಅಲ್ಲಿಗೆ ಬರುತ್ತಾರೆ. ೧೯೭೪ರಲ್ಲಿ, ಬೆನ್ನುಹುರಿ ಮುರಿದ ಸೈನಿಕರಿಗೆಂದೇ ಕಿರ್ಕಿಯಲ್ಲಿ ಪುನರ್ವಸತಿ ಕೇಂದ್ರವಾಯಿತು. ಅಲ್ಲಿಯವರು ಗಾಲಿಕುರ್ಚಿಯಲ್ಲಿ ಕುಳಿತೇ ಬಾಸ್ಕೆಟ್‌ಬಾಲ್ ಆಡುತ್ತಾರೆ. ಕೈಯೂ ಆಡದವರು ಕುಂಚವನ್ನು ಬಾಯಲ್ಲಿ ಹಿಡಿದು ಚಿತ್ರ ಬರೆಯುತ್ತಾರೆ. ಸುಮ್ಮನೆ ನೋಡಿ ಬರಲು ಅದು ಪ್ರದರ್ಶನಶಾಲೆಯಲ್ಲ, ಮನೆ. ಆದ್ದರಿಂದ ನಾವು ಬಾಗಿಲಿನಿಂದಲೇ ಮರಳಿದೆವು. ಯುದ್ಧ ಸ್ಮಶಾನಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ.

ಇನ್ನು ಗೆಲುವಿನ ಮಾತು. ಕ್ರಿಕೆಟಿನ ವಿಜಯ ಮರ್ಚಂಟರು ಆಟ ಬಿಟ್ಟ ಮೇಲೆ ಅಂಗವಿಕಲರಿಗಾಗಿ ದುಡಿಯುವ ಸಂಸ್ಥೆಯೊಂದನ್ನು ಕಟ್ಟಿದ್ದರು; ಪೇಟಕರರ ವಿದೇಶ ಪ್ರವಾಸಕ್ಕೆ ಆ ಸಂಸ್ಥೆಯ ಬೆಂಬಲ ದೊರೆಯಿತು. ೧೯೬೮ರಲ್ಲಿ ಇಸ್ರೇಲಿನ ಟೆಲ್ ಅವೀವ್‌ನಲ್ಲಿ ಭಾರತ ಮೊದಲ ಬಾರಿ ಪ್ಯಾರಾಲಿಂಪಿಕ್ಕಿಗೆ ಇಳಿದಾಗ ಅವರು ಆಡಿದ್ದು ಟೇಬಲ್ ಟೆನ್ನಿಸ್. ನಾಲ್ಕು ವರ್ಷಗಳ ಮೇಲೆ, ೧೯೭೨ರ ಆಗಸ್ಟಿನಲ್ಲಿ, ಜರ್ಮನಿ. ಒಲಿಂಪಿಕ್ಸ್ ಮ್ಯೂನಿಕ್‌ನಲ್ಲಿ ನಡೆಯುವುದಿತ್ತು. ಆದರೆ ಅಲ್ಲಿಯ ಕ್ರೀಡಾಗ್ರಾಮದ ಮನೆಗಳನ್ನು ಆಟ ಮುಗಿದ ಮೇಲೆ ಖಾಸಗಿಯವರಿಗೆ ಮಾರಲು ಗೊತ್ತುಮಾಡಿದ್ದರಿಂದ ಗಾಲಿಕುರ್ಚಿಯವರನ್ನು ಹೈಡೆಲ್‌ಬರ್ಗಿಗೆ ಕಳಿಸಿದರು. ಅಲ್ಲಿ ೫೦ ಮೀಟರ್ ಈಜನ್ನು ಪೇಟಕರರು ೩೭.೩೩ ಸೆಕೆಂಡುಗಳಲ್ಲಿ ಮುಗಿಸಿ ಚಿನ್ನ ಗೆದ್ದರು, ಅದು ವಿಶ್ವದಾಖಲೆ. ಒಲಿಂಪಿಕ್ಸಾಗಲಿ ಪ್ಯಾರಾಲಿಂಪಿಕ್ಸಾಗಲಿ, ಒಂಟಿಯಾಗಿ ಸ್ಪರ್ಧಿಸಿ ಚಿನ್ನ ತಂದ ಮೊದಲ ಭಾರತೀಯ ಅವರು. ಅಭಿನವ ಬಿಂದ್ರಾ ಬೀಜಿಂಗಿನಲ್ಲಿ ಗೆದ್ದದ್ದು ೨೦೦೮ರಲ್ಲಿ, ಅಂದರೆ ಮೂವತ್ತಾರು ವರ್ಷಗಳ ಮೇಲೆ.

ಕೆಲವೇ ವಾರಗಳಲ್ಲಿ ಅದೇ ಜರ್ಮನಿಯ ಮ್ಯೂನಿಕ್‌ನಲ್ಲಿ ನಮ್ಮ ಹಾಕಿ ತಂಡ ಕಂಚು ಪಡೆಯಿತು; ನಮ್ಮ ಕೊಡಗಿನ ಎಂ. ಪಿ. ಗಣೇಶ್, ಬಿ. ಪಿ. ಗೋವಿಂದ ಅದರಲ್ಲಿದ್ದರು. ಆ ಕಂಚನ್ನು ನಮ್ಮ ಹಿರಿಯರೆಲ್ಲ ಬಲ್ಲರು. ಹೈಡೆಲ್‌ಬರ್ಗಿನ ಚಿನ್ನವನ್ನು ಬಲ್ಲವರಾರು ಎಂದು ನಾವು ನಮ್ಮಲ್ಲಿಯೇ ಕೇಳಿಕೊಂಡೆವು. ಹನ್ನೆರಡು ಮನೆಯವರಲ್ಲಿ, ಚಿತ್ರ ಬರುವ ಮೊದಲೇ ತಿಳಿದಿದ್ದವರು ಒಬ್ಬರು. ಅವರು ಪಿಂಪರಿಯ ಟೆಲ್ಕೋ ಕಾರಖಾನೆಯಲ್ಲಿ ಕೆಲಸ ಮಾಡಿದವರು. ಸೈನ್ಯ ಬಿಟ್ಟ ಮೇಲೆ ಪೇಟಕರರೂ ಟೆಲ್ಕೋದಲ್ಲಿಯೇ ನೌಕರಿ ಮಾಡಿದರಷ್ಟೆ. 'ಗಾಲಿಕುರ್ಚಿಯ ಆ ಮನುಷ್ಯ ಏನೋ ದೊಡ್ಡ ಪದಕ ಗೆದ್ದಿದ್ದಾನೆಂದು ಹೇಳುತ್ತಿದ್ದರು, ನಾವು ಅಷ್ಟಕ್ಕೇ ಬಿಟ್ಟೆವು' ಎಂದು ನಮ್ಮ ಗೆಳೆಯರು ಹೇಳಿದರು. ಬಿಟ್ಟವರು ಅವರೊಬ್ಬರೇ ಅಲ್ಲ. ೧೯೮೨ರಲ್ಲಿ ಅರ್ಜುನ ಪ್ರಶಸ್ತಿಗೆಂದು ಸಲ್ಲಿಸಿದ ಅರ್ಜಿ ಫಲಿಸಲಿಲ್ಲ. ಪದ್ಮಶ್ರೀ ಬಂದದ್ದು ೨೦೧೮ರಲ್ಲಿ, ಎಪ್ಪತ್ತಮೂರನೆಯ ವಯಸ್ಸಿನಲ್ಲಿ. ಅರ್ಜುನ ಪ್ರಶಸ್ತಿಯನ್ನು, ಜೀವಮಾನದ ಸಾಧನೆಗೆಂದು, ರಾಷ್ಟ್ರಪತಿಗಳ ಕೈಯಿಂದ ಪಡೆದದ್ದು ೨೦೨೫ರ ಜನವರಿ ೧೭ರಂದು, ಎಂಬತ್ತು ತುಂಬಿತ್ತು. ಗೆದ್ದ ಈಜಿಗೆ ಮೂವತ್ತೇಳು ಸೆಕೆಂಡು, ಪ್ರಶಸ್ತಿಗೆ ಐವತ್ತೆರಡು ವರ್ಷ!

ಕಾಲ ಬದಲಾಗಿಲ್ಲವೆನ್ನಲಾರೆವು. ಹಾಸನ ಜಿಲ್ಲೆಯ ಎಚ್. ಎನ್. ಗಿರೀಶ ೨೦೧೨ರಲ್ಲಿ ಲಂಡನ್ನಿನ ಪ್ಯಾರಾಲಿಂಪಿಕ್ಕಿನಲ್ಲಿ ಎತ್ತರ ಜಿಗಿತದ ಬೆಳ್ಳಿ ಗೆದ್ದಾಗ ಹೆಸರು ಮರುದಿನವೇ ಪತ್ರಿಕೆಗಳಲ್ಲಿತ್ತು, ಪದ್ಮಶ್ರೀ ಮರುವರ್ಷವೇ ಬಂತು. ಪೇಟಕರರ ಕಾಲದಲ್ಲಿ ಬರೆಯುವವರಿರಲಿಲ್ಲ, ಬರೆದಿಡುವವರೂ ಇರಲಿಲ್ಲ. ಹಾಗಾಗಿ ತನ್ನ ಕಥೆಯ ದಾಖಲೆ ಕಚೇರಿಯ ಗುಮಾಸ್ತನ ಕೆಲಸವನ್ನೂ ಆ ಮನುಷ್ಯ ತಾನೇ ಮಾಡಬೇಕಾಯಿತು: ಕತ್ತರಿಸಿಟ್ಟ ಪತ್ರಿಕೆಯ ತುಣುಕು, ಪದಕ, ಪ್ರಮಾಣಪತ್ರ, ಕೇಳಿದವರಿಗೆಲ್ಲ ಮತ್ತೆ ಮತ್ತೆ ಹೇಳಿದ ಮಾತು. ಸಿನೆಮಾದವರು ಅದಕ್ಕೆ ಬಣ್ಣ ಬಳಿದಿರಬಹುದು. ಹುಡುಗರಿಗೆ ನಾವು ಕೊಟ್ಟ ಉತ್ತರ ಇಷ್ಟು: ಗುಂಡಿನ ಲೆಕ್ಕದಲ್ಲಿ ಭೇದವುಂಟು, ಸೆಕೆಂಡಿನ ಲೆಕ್ಕದಲ್ಲಿ ಇಲ್ಲ, ಹೈಡೆಲ್‌ಬರ್ಗಿನವರು ಬರೆದಿಟ್ಟಿದ್ದಾರೆ.

ಸಂಜೆಯ ಗಾಡಿಗಾಗಿ ಕಿರ್ಕಿಯ ನಿಲ್ದಾಣದಲ್ಲಿ ಕುಳಿತಾಗ, ಸ್ಮಶಾನದಲ್ಲಿ ಪ್ರಶ್ನೆ ಕೇಳಿದ್ದ ಹಿರಿಯರು ತಮ್ಮ ತಂದೆಯ ಸುದ್ದಿ ತೆಗೆದರು. ಆತ ಎರಡನೆಯ ಯುದ್ಧದಲ್ಲಿ ಇಲ್ಲಿಯ ಸ್ಯಾಪರ ದಳದಲ್ಲಿದ್ದು, ಒಂದು ಕಿವಿ ಕೇಳದವನಾಗಿ ಊರಿಗೆ ಬಂದವ. ಕಿವಿ ಹೇಗೆ ಹೋಯಿತೆಂದು ಮನೆಯಲ್ಲಿ ಯಾರೂ ಕೇಳಿದವರಲ್ಲ. ಬಿಡುಗಡೆಯ ಪುಸ್ತಕವೊಂದು ಗದಗಿನ ಮನೆಯ ಅಟ್ಟದ ಪೆಟ್ಟಿಗೆಯಲ್ಲಿ ಇತ್ತಂತೆ. ಗೆದ್ದಲು ಬಿಟ್ಟಿದ್ದರೆ ಇನ್ನೂ ಇರಬೇಕು. ಮುಂದಿನ ತಿಂಗಳು ಊರಿಗೆ ಹೋದಾಗ ತರುವುದಾಗಿ ಹೇಳಿದ್ದಾರೆ. ಅದರಲ್ಲಿ ಪಲ್ಟಣದ ನಂಬರು ಇದ್ದರೆ, ಕಂಪನಿಯ ಹೆಸರು ಇದ್ದರೆ, ಎಲ್ಲಿ ಕೇಳಬೇಕೆಂಬುದು ಈಗ ನಮಗೆ ಗೊತ್ತಿದೆ. ಗಾಡಿ ಬಂತು, ಹತ್ತಿದೆವು.